ಮುಲ್ಕಿ ಕುರಿ

ಅಧ್ಯಕ್ಷ ಸ್ಥಾನದಲ್ಲಿ ಕೂತಿರುವ ಮಾನ್ಯ ತಹಸೀಲ್ದಾರ್ ಸಾಹೇಬರೇ, ಅವರ ಬಲಗಡೆ ಕೂತು ನನ್ನ ಕನ್ನಡವನ್ನು ಅವರ ಕಿವಿಗೆ ಉರ್ದುವಿನಲ್ಲಿ ಹಾಕುತ್ತಿರುವ ಮುನ್ಷಿ ಗಂಗಾರಾಮರೇ, ಎಡಗಡೆ ಸೊಂಟದ ಪಟ್ಟಿ ಸಡಿಲಿಸಿಕೊಂಡು ಕೂತಿರುವ ಮುಖ್ಯ ಅತಿಥಿ, ಪೊಲೀಸ್ ಠಾಣೆಯ ಅಮೀನ್ ಸಾಹೇಬರೇ, ಈ ಸಮಾರಂಭ ಏರ್ಪಡಿಸಿದ ಹೆಡ್ ಮಾಸ್ತರ್ ಶಾಂತಪ್ಪನವರೇ, ಕಚೇರಿಯ ಗೆಳೆಯರೇ, ಅಂಗಡಿ ಬಾಗಿಲು ಹಾಕಿ ಬಂದ ವ್ಯಾಪಾರಸ್ಥರೇ, ಪರದೆಯ ಆಚೆ ಕೂತು ಈಗಾಗಲೇ ನಗುತ್ತಿರುವ ತಾಯಂದಿರೇ, ಸಭಿಕರೇ.

ಪೇಶ್ಕಾರನ ಕೆಲಸ ಏನೆಂದು ನಿಮಗೆಲ್ಲ ಗೊತ್ತು. ಬೇರೆಯವರ ಕಾಗದವನ್ನು ಸಾಹೇಬರ ಮುಂದೆ ಓದಿ ಹೇಳುವುದು, ರುಜು ಹಾಕಬೇಕಾದ ಜಾಗದಲ್ಲಿ ಬೆರಳಿಟ್ಟು ತೋರಿಸುವುದು. ಇಪ್ಪತ್ತೈದು ವರ್ಷ ಬೆರಳಿಟ್ಟಿದ್ದೇನೆ. ಈ ತೋರುಬೆರಳು ಸವೆದು ಗಿಡ್ಡವಾಗಿದೆ ಎಂದು ನನ್ನ ಹೆಂಡತಿ ಉಮಾಬಾಯಿ ಹೇಳುತ್ತಾಳೆ. ಅಳತೆ ಮಾಡಿ ನೋಡಿದ್ದಾಳಂತೆ. ಇಷ್ಟು ವರ್ಷದಲ್ಲಿ ಕಲ್ಯಾಣಪ್ಪಾ, ನಿನ್ನ ಸ್ವಂತ ಮಾತೇನು ಎಂದು ಕಚೇರಿಯಲ್ಲಿ ಯಾರೂ ಕೇಳಲಿಲ್ಲ. ಇವತ್ತು ಹಾರ ಹಾಕಿ ಕೇಳುತ್ತಿದ್ದೀರಿ. ಹಾರದಲ್ಲಿ ಇರುವೆಗಳಿವೆ. ಅವುಗಳಿಗೂ ನನ್ನ ವಂದನೆ, ಏಕೆಂದರೆ ಈ ಭಾಷಣ ಬೇಗ ಮುಗಿದರೆ ಅದರ ಶ್ರೇಯಸ್ಸು ಅವುಗಳದ್ದೇ.

ನೌಕರಿ ಮುಗಿಸಿ ಮನೆಗೆ ಹೋಗುವ ಮುದುಕನನ್ನು ಸನ್ಮಾನಕ್ಕೆ ಕರೆದು, ಜೈಲಿನ ಬಗ್ಗೆ ಮಾತಾಡಿ ಎಂದರೆ ಯಾರಿಗಾದರೂ ಆಶ್ಚರ್ಯವಾಗುತ್ತದೆ. ನನಗೂ ಆಯಿತು. ಕಾರಣ ಹೇಳುತ್ತೇನೆ. ನಾಲ್ಕು ಜನ ಒಂದು ಕಡೆ ಕೂಡಬೇಕಾದರೆ ಸರ್ಕಾರದ ಇಜಾಜತ್ತು, ಅಂದರೆ ಪರವಾನಗಿ ಬೇಕು. ಶಾಂತಪ್ಪ ಮಾಸ್ತರರು "ಪೇಶ್ಕಾರ್ ಕಲ್ಯಾಣಪ್ಪನವರಿಗೆ ಸನ್ಮಾನ" ಎಂದು ಅರ್ಜಿ ಕೊಟ್ಟರು. "ಇದರಿಂದ ರೈತಾಪಿ ಜನಕ್ಕೆ ಏನು ಲಾಭ?" ಎಂಬ ಸವಾಲಿನೊಡನೆ ಅರ್ಜಿ ವಾಪಸು ಬಂತು. ಸವಾಲು ನ್ಯಾಯವಾದದ್ದೇ. ನನಗೆ ಸನ್ಮಾನ ಮಾಡಿದರೆ ಯಾರ ಜೋಳ ಹೆಚ್ಚಿಗೆ ಬೆಳೆಯುತ್ತದೆ? ಆಗ ಮಾಸ್ತರರು ಎರಡನೆಯ ಅರ್ಜಿ ಬರೆದರು. ಸದರಿ ಪೇಶ್ಕಾರರು ನಕಲಿ ಮುಲ್ಕಿ ಕಾಗದ ಮಾಡುವವರಿಗೂ ಮಾರುವವರಿಗೂ ಆಗುವ ಶಿಕ್ಷೆಯ ಬಗ್ಗೆ ಜನಕ್ಕೆ ತಿಳಿವಳಿಕೆ ಕೊಡುವರು. ಒಂದೇ ದಿನದಲ್ಲಿ ಮಂಜೂರು. ನನ್ನನ್ನು ಒಂದು ಮಾತು ಕೇಳಿದ್ದರೆ ಬೇರೆ ವಿಷಯ ಹೇಳುತ್ತಿದ್ದೆ. ಮಲೇರಿಯಾ ಹೇಳುತ್ತಿದ್ದೆ. ಅದರ ಬಗ್ಗೆ ನಾನು ಸುರಕ್ಷಿತವಾಗಿ ಮಾತಾಡಬಲ್ಲೆ.

ಇರಲಿ. ವಿಷಯಕ್ಕೆ ಬರುತ್ತೇನೆ.

ಮುಲ್ಕಿ ಎಂದರೆ ಈ ಮುಲ್ಕಿನವನು, ಈ ಸಂಸ್ಥಾನದಲ್ಲೇ ಹುಟ್ಟಿ ಬೆಳೆದವನು. ಹೊರಗಿನಿಂದ ಬಂದವನು ಗೈರ್ ಮುಲ್ಕಿ. ಸರ್ಕಾರಿ ನೌಕರಿ ಬೇಕೆಂದರೆ ನೀನು ಮುಲ್ಕಿ ಎನ್ನುವ ಕಾಗದ ತೋರಿಸಬೇಕು. ಕಾಗದದ ಮೇಲೆ ಮೊಹರು ಇರಬೇಕು. ಇಂಥ ಕಾಗದವನ್ನು ನಕಲಿ ಮಾಡಿದವನಿಗೆ ಏಳು ವರ್ಷದವರೆಗೆ ಕೈದು. ಮಾರಿದವನಿಗೆ? ಏಳು ವರ್ಷ. ಗೊತ್ತಿದ್ದೂ ತನ್ನ ಹತ್ತಿರ ಇಟ್ಟುಕೊಂಡವನಿಗೆ? ಏಳು ವರ್ಷ. ಸರ್ಕಾರದ ಮೊಹರನ್ನು ಹೋಲುವ ಮೊಹರನ್ನು ಕೊರೆದವನಿಗೆ? ನೀವೇ ಹೇಳಿ. ಏಳು. ನೋಡಿ, ಮಗ್ಗಿ ಬಾರದವನೂ ಬಾಯಿಪಾಠ ಮಾಡಬಹುದಾದ ಕಾನೂನು. ಬಡವ, ಬಲ್ಲಿದ ಎಂಬ ಭೇದವಿಲ್ಲ. ಮಾಡಿದವನು, ಮಾಡಿಸಿದವನು ಎಂಬ ಭೇದವೂ ಇಲ್ಲ. ಈ ಕೊನೆಯ ಮಾತನ್ನು ಗಂಗಾರಾಮರು ಉರ್ದುವಿಗೆ ತರ್ಜುಮೆ ಮಾಡದಿದ್ದರೂ ನಡೆಯುತ್ತದೆ.

ಇದೇ ಕಾನೂನಿನ ಕೆಳಗೆ ಕಂಗ್ಟಿಯ ಪೀರಪ್ಪ ಹದಿನೈದು ದಿನದಿಂದ ನಮ್ಮ ಠಾಣೆಯಲ್ಲಿ ಕೂತಿದ್ದಾನೆ. ನಾಳೆ ಬೆಳಿಗ್ಗೆ ಅವನನ್ನು ಬೀದರಿನ ಅದಾಲತ್ತಿಗೆ ಕಳಿಸುತ್ತಾರೆ. ಕುರಿ ಸಾಕುವವನು. ವಯಸ್ಸು ಎಪ್ಪತ್ತು. ಎಪ್ಪತ್ತಕ್ಕೆ ಏಳು ಕೂಡಿಸಿದರೆ ಎಪ್ಪತ್ತೇಳು ಎಂದು ಲೆಕ್ಕದ ಮಾಸ್ತರರು ಹೇಳುತ್ತಾರೆ. ನಾನು ಹೇಳುವುದಿಲ್ಲ. ಎಪ್ಪತ್ತರ ಮುದುಕನಿಗೆ ಏಳು ವರ್ಷ ಕೊಟ್ಟರೆ ಅವನು ಕಂಗ್ಟಿಗೆ ವಾಪಸು ಬರುವುದಿಲ್ಲ.

ನನಗೂ ಅವನಿಗೂ ಯಾವ ಸಂಬಂಧವೂ ಇಲ್ಲ. ಅವನು ಕಂಗ್ಟಿಯವನು, ನಾನು ಮನೂರಿನವನು. ಅವನು ಹಾಲುಮತ, ನಾವು ಲಿಂಗವಂತರು. ನಡುವೆ ಸಾಕಷ್ಟು ಹೊಲಗಳಿವೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನನ್ನು ನೋಡಬೇಡಿ. ನಾನು ಈಗ ಹೆಗಲು ಮುಟ್ಟಿಕೊಂಡದ್ದು ಇರುವೆಗೋಸ್ಕರ.

ಒಣ ಕಾನೂನು ಯಾರ ತಲೆಗೂ ಹತ್ತುವುದಿಲ್ಲ. ಆದ್ದರಿಂದ ಒಂದು ದೃಷ್ಟಾಂತ. ಬಹಳ ಹಿಂದೆ, ನಮ್ಮ ಸರ್ಕಾರಿ ಲೆಕ್ಕದ ಫಸಲಿ ಸನ ಸಾವಿರದ ಮುನ್ನೂರ ಮೂವತ್ತರ ಆಸುಪಾಸಿನಲ್ಲಿ, ಒಂದು ಊರಿನಲ್ಲಿ ಒಬ್ಬ ಹುಡುಗನಿದ್ದ. ಹುಡುಗ ಎಂದರೆ ಇಪ್ಪತ್ತೊಂಬತ್ತು ವರ್ಷದವನು. ಹೆಸರು ಬೇಡ. ಕಚೇರಿಯಲ್ಲಿ ಐದು ವರ್ಷದಿಂದ ಉಮೇದ್ವಾರನಾಗಿ ದುಡಿಯುತ್ತಿದ್ದ. ಉಮೇದ್ವಾರ ಎಂದರೆ ಪಗಾರವಿಲ್ಲದೆ ಎಲ್ಲರಿಗಿಂತ ಹೆಚ್ಚು ಬರೆಯುವವನು. ಅವನ ಉರ್ದು ಬರಹ ಮುತ್ತು ಪೋಣಿಸಿದ ಹಾಗಿತ್ತು. ನಾನು ಹೊಗಳಿಕೊಳ್ಳುತ್ತಿಲ್ಲ. ಅಂದರೆ, ಅವನನ್ನು ಹೊಗಳುತ್ತಿಲ್ಲ. ಇದ್ದದ್ದು ಹೇಳಿದೆ.

ಅವನಿಗೆ ಹೆಣ್ಣು ನೋಡಿಟ್ಟಿದ್ದರು. ಹುಡುಗಿಯ ಅಪ್ಪ ಭಾಲ್ಕಿಯ ಕಡೆಯವರು, ಖಡಕ್ ಮನುಷ್ಯ. "ಉಮೇದಿನ ಮ್ಯಾಲ ಹೆಣ್ ಕೊಡಾಕ ಆಗಂಗಿಲ್ಲರಿ. ನೌಕರಿ ಪಕ್ಕಾ ಆಗಲಿ" ಎಂದಿದ್ದರು. ನಮ್ಮ ಕಡೆ ಮೂವತ್ತು ದಾಟಿದರೂ ಮದುವೆಯಾಗದವನನ್ನು ಮಠಕ್ಕೆ ಕೊಡುವ ಮಾತು ಶುರುವಾಗುತ್ತದೆ. ಅವನ ತಾಯಿ ಸುಮಿತ್ರಾಬಾಯಿಗೆ ಅದೇ ಚಿಂತೆ. ಹೌದು, ನನ್ನ ತಾಯಿಯ ಹೆಸರೂ ಸುಮಿತ್ರಾಬಾಯಿ. ನಮ್ಮ ಕಡೆ ಆ ಹೆಸರು ಮನೆಗೊಂದು.

ಅಷ್ಟರಲ್ಲಿ ಕಚೇರಿಯಲ್ಲಿ ಒಂದು ಜಾಗ ಖಾಲಿಯಾಯಿತು. ಎಂಟು ದಿನದೊಳಗೆ ಮುಲ್ಕಿ ಕಾಗದ ಹಾಜರುಪಡಿಸು ಎಂದು ಹುಕುಂ ಬಂತು. ಸಂಬಂಧಪಟ್ಟ ಗುಮಾಸ್ತರ ಹತ್ತಿರ ಹುಡುಗ ಹೋದ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ? ಗುಮಾಸ್ತರು ಕೇಳಿದರು, ನೀನು ಮುಲ್ಕಿ ಎನ್ನುವುದಕ್ಕೆ ಸಬೂತು ಏನು? ಹುಡುಗ ಅಜ್ಜನ ಹೊಲದ ಕಾಗದ ತೋರಿಸಿದ. ಹೊಲ ಮುಲ್ಕಿ ಎಂದು ಸಾಬೀತಾಯಿತು, ನಿನ್ನದೇನು ಎಂದರು. ಊರಿನ ಇಬ್ಬರು ಹಿರಿಯರನ್ನು ಗಾಡಿ ಕಟ್ಟಿ ಕರೆತಂದ. ಈ ಹಿರಿಯರು ಮುಲ್ಕಿ ಎನ್ನುವುದಕ್ಕೆ ಕಾಗದ ಎಲ್ಲಿ ಎಂದರು. ಹಿರಿಯರು ಹುಟ್ಟಿದಾಗಿನಿಂದ ಮನೂರು ಬಿಟ್ಟು ಹೊರಗೆ ಬಂದದ್ದೇ ಅವತ್ತು ಮೊದಲು. ಅವರಿಗೆ ಕಾಗದ ಎಲ್ಲಿಂದ ಬರಬೇಕು? ಕೊನೆಗೆ ಹುಡುಗ, ನಮ್ಮ ಏಳು ತಲೆಮಾರಿನ ಗದ್ದುಗೆಗಳು ಊರಾಚೆ ಇವೆ, ಬಂದು ನೋಡಿ ಎಂದ. ಸತ್ತವರ ಸಾಕ್ಷಿ ನಡೆಯುವುದಿಲ್ಲ ಎಂದರು. ಹೀಗೆ ಹೇಳಿದ ಆ ಗುಮಾಸ್ತರು ಮೂರು ವರ್ಷದ ಹಿಂದೆ ಎಲ್ಲಿಂದಲೋ ರೈಲಿನಲ್ಲಿ ಬಂದು ತಾಂಡೂರಿನಲ್ಲಿ ಇಳಿದವರು. ಅವರ ಹತ್ತಿರ ಮುಲ್ಕಿ ಕಾಗದ ಇತ್ತು.

ಎಂಟು ದಿನದಲ್ಲಿ ಆರು ದಿನ ಹೋದವು. ನಮ್ಮವ್ವ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. ಅವನವ್ವ. ಅವನವ್ವ ಅವರ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. ನೀರು ಸ್ವಲ್ಪ ಕೊಡಿ.

ಆಗ ಆ ದಾರಿಯಲ್ಲಿ ಕುರಿ ಹೊಡೆದುಕೊಂಡು ಬಂದವನೇ ಪೀರಪ್ಪ. ಕುರಿ ಸಾಕುವವರು ಕುರಿಯ ಬೆನ್ನಿಗೆ ಕೆಂಪು ಬಣ್ಣದಲ್ಲಿ ಗುರುತು ಒತ್ತುವುದು ನಿಮಗೆ ಗೊತ್ತಲ್ಲ. ಇಲ್ಲದಿದ್ದರೆ ಎರಡು ಹಿಂಡು ಕೂಡಿದಾಗ ಯಾರ ಕುರಿ ಯಾರದೋ ತಿಳಿಯುವುದಿಲ್ಲ. ಆ ಗುರುತಿನ ಅಚ್ಚನ್ನು ಕಟ್ಟಿಗೆಯಲ್ಲಿ ಕೊರೆಯುವುದರಲ್ಲಿ ಕಂಗ್ಟಿಯಿಂದ ಮೊಗುಡಂಪಲ್ಲಿಯವರೆಗೆ ಪೀರಪ್ಪನ ಕೈಗೆ ಸಾಟಿಯಿರಲಿಲ್ಲ. ಓದು ಬರಹ ಇಲ್ಲ. ಆದರೆ ಯಾವ ಅಕ್ಷರ ತೋರಿಸಿದರೂ ಹಾಗೇ ಕೆತ್ತುತ್ತಿದ್ದ. ತಾಯಿ ಅವನನ್ನು ಕರೆದು ತನ್ನ ಸಂಕಟ ಹೇಳಿಕೊಂಡಳು.

"ಪೀರಣ್ಣಾ, ನನ್ನ ಮಗ ಈ ಮುಲ್ಕಿನವ ಅಂತ ನಿನಗ ಗೊತ್ತದೋ ಇಲ್ಲೋ?"

"ನನಗ್ಯಾಕ ಗೊತ್ತಿಲ್ಲವ್ವಾರ? ಹುಟ್ಟಿದಾಗ ನಾನೇ ಕಂಬಳಿ ಕೊಟ್ಟೀನಿ."

"ಮತ್ತ ಅದು ಕಚೇರಿಯವ್ರಿಗಿ ಗೊತ್ತಿಲ್ಲ. ಗುರ್ತು ಬೇಕಂತ."

"ಗುರ್ತೇ ಬೇಕಂದ್ರ ನಾ ಹಾಕಿ ಕೊಡ್ತೀನಿ. ದಿನಾ ಹಾಕ್ತೀನಲ್ಲ."

ಅವನು ಅದನ್ನು ಇಷ್ಟು ಸರಳವಾಗಿ ತಿಳಿದ. ಕುರಿ ತನ್ನದು ಎಂದು ಎಲ್ಲರಿಗೂ ಗೊತ್ತಿದ್ದರೂ ಗುರುತು ಬೇಕು. ಹುಡುಗ ಈ ನೆಲದವನು ಎಂದು ಎಲ್ಲರಿಗೂ ಗೊತ್ತಿದ್ದರೂ ಗುರುತು ಬೇಕು. ಇದರಲ್ಲಿ ಅಪರಾಧ ಎಲ್ಲಿ ಬಂತು? ಅವನಿಗೆ ಹೊಳೆಯಲೇ ಇಲ್ಲ. ಹೊಳೆಯಬೇಕಾದವನು ಕಾನೂನು ಓದಿದ ಹುಡುಗ. ಅವನು ಸರ್ಕಾರಿ ಮೊಹರು ಬಿದ್ದ ಒಂದು ಹಳೆ ಕಾಗದವನ್ನು ತಂದುಕೊಟ್ಟ. ಪೀರಪ್ಪ ಅದನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. ಅಂದರೆ ಆ ಹುಡುಗ ನನಗೆ ಹೇಳಿದ್ದು ನೆನಪಿದೆ.

"ತಮ್ಮಾ, ಕನ್ನಡ ಎಡಗಡಿಂದ ಬಲಗಡಿ ಹೋಗ್ತದ. ಅಚ್ಚಿನಾಗ ಅದನ್ನ ಉಲ್ಟಾ ಕೊರೀಬೇಕು, ಅಂದ್ರ ಕುರಿ ಮ್ಯಾಲ ಸೀದಾ ಬೀಳ್ತದ. ಇದು ಯಾವ ಕಡಿಂದ ಹೋಗ್ತದ?"

"ಬಲಗಡಿಂದ ಎಡಗಡಿಗಿ."

"ಅಂದ್ರ ಬರಿಯಾವ್ರು ಮೊದಲೇ ಉಲ್ಟಾ ಬರದಾರ. ನಾ ಮತ್ತ ಉಲ್ಟಾ ಮಾಡಿದ್ರ ಸೀದಾ ಆಗಿ ಕೆಟ್ಟು ಹೋಗ್ತದ. ಇದ್ದದ್ದು ಇದ್ದಂಗ ಕೊರೀತೀನಿ ಬಿಡು."

ಸಭಿಕರೇ, ಇದರಲ್ಲಿ ತಪ್ಪು ಹುಡುಕಿ ನೋಡೋಣ. ನನಗೆ ಇಪ್ಪತ್ತೈದು ವರ್ಷ ಬೇಕಾಯಿತು. ಉರ್ದು ಮಾಸ್ತರರು ನಗುತ್ತಿದ್ದಾರೆ. ನಗಲಿ. ಅವತ್ತು ಆ ಹುಡುಗ ಹೌದು ಹೌದು ಎಂದು ತಲೆ ಆಡಿಸಿದ. ಏಕೆಂದರೆ ಅವನ ತಲೆಯಲ್ಲಿ ಆಗ ಭಾಲ್ಕಿಯ ಕಡೆಯ ಹುಡುಗಿಯ ಹೊರತು ಬೇರೇನೂ ಇರಲಿಲ್ಲ. ಮಾರನೆಯ ದಿನ ಅಚ್ಚು ತಯಾರಾಯಿತು. ಕಟ್ಟಿಗೆಯ ಮೇಲೆ ಅಕ್ಷರಗಳು ಎಷ್ಟು ಚೆಂದ, ಎಷ್ಟು ಸ್ಪಷ್ಟ. ಹುಡುಗ ಗಡಗಡ ಓದಿದ, ಖುಷಿಪಟ್ಟ. ಮುತ್ತಿನಂಥ ಬರಹದಲ್ಲಿ ಕಾಗದ ಬರೆದ. ಶಾಯಿ ಹಚ್ಚಿ ಒತ್ತಿದ. ಎತ್ತಿದ. ನೋಡಿದ. ಮೊಹರು ಕನ್ನಡಿಯಲ್ಲಿ ಕಂಡ ಹಾಗೆ ಪೂರಾ ಹಿಂದುಮುಂದಾಗಿ ಬಿದ್ದಿತ್ತು.

ಬೇರೆ ಛಾಪಾ ಕಾಗದ ಇರಲಿಲ್ಲ. ಸಮಯವೂ ಇರಲಿಲ್ಲ. ಹುಡುಗ ಕಾಗದವನ್ನು ಪೀರಪ್ಪನ ಮುಂದೆ ಹಿಡಿದ. "ಪೀರಣ್ಣಾ, ಇದು ಓದಾಕ ಬರಾಂಗಿಲ್ಲೋ" ಎಂದು ಅಳುವ ದನಿಯಲ್ಲಿ ಹೇಳಿದ. ಪೀರಪ್ಪ ಸಮಾಧಾನ ಮಾಡಿದ. "ಕುರಿ ಮ್ಯಾಲಿಂದು ಯಾರು ಓದ್ತಾರ ತಮ್ಮಾ? ಗುರ್ತು ಅದನೋ ಇಲ್ಲೋ, ಅಷ್ಟೇ ನೋಡ್ತಾರ."

ಆ ಓದು ಬಾರದ ಮನುಷ್ಯನಿಗೆ ಕಚೇರಿಯ ಒಳಗುಟ್ಟು ಹೇಗೆ ತಿಳಿಯಿತೋ ದೇವರಿಗೇ ಗೊತ್ತು. ಮಾರನೆಯ ದಿನ ಆಗಿನ ತಹಸೀಲ್ದಾರ್ ಸಾಹೇಬರು, ಅವರು ಈಗ ಸ್ವರ್ಗಸ್ಥರು, ಕಾಗದವನ್ನು ಕೈಗೆತ್ತಿಕೊಂಡು, ಮೊಹರನ್ನು ಹತ್ತಿರ ಹಿಡಿದು, ದೂರ ಹಿಡಿದು, "ವಾಹ್, ಕ್ಯಾ ಖತ್ ಹೈ" ಎಂದು ತಲೆದೂಗಿದರು. ಏನು ಸೊಗಸಾದ ಬರಹ ಎಂದು. ಯಾವುದೋ ದೊಡ್ಡ ದರ್ಬಾರಿನ ಚಿತ್ರಬರಹ ಎಂದು ತಿಳಿದಿರಬೇಕು. ಓದಲು ಬಾರದಷ್ಟು ಚೆಂದವಾಗಿದೆ ಎಂದರೆ ಬಹಳ ಮೇಲಿನಿಂದ ಬಂದದ್ದೇ ಇರಬೇಕಲ್ಲ? "ಮುಲಾಹಿಜಾ ಹುವಾ" ಎಂದು ಷರಾ ಬರೆದು ರುಜು ಹಾಕಿದರು. ನೋಡಲಾಯಿತು ಎಂದರ್ಥ. ಹುಡುಗನಿಗೆ ನೌಕರಿಯಾಯಿತು, ಮದುವೆಯಾಯಿತು, ಹೆಂಡತಿ ಬಂದಳು, ಬಂದ ಮೊದಲ ವಾರವೇ, ಕಚೇರಿಯಿಂದ ವಾಪಸು ಬಂದಿದ್ದ ಕಾಗದ ನೋಡಿ, "ಏನರಿ ಇದು, ಇದರ ಬೆನ್ನು ಈ ಕಡಿ ಆಗ್ಯಾದಲ್ಲ?" ಎಂದಳು. ಪರದೆಯ ಆಚೆಯಿಂದ ಈಗ ಕೆಮ್ಮಿದ್ದು ಯಾರು ಎಂದು ನನಗೆ ಗೊತ್ತು.

ಪೀರಪ್ಪ ಇದಕ್ಕೆ ಏನೂ ಕೇಳಲಿಲ್ಲ. ಅಚ್ಚು ಮಾತ್ರ ತನ್ನ ಹತ್ತಿರ ಇರಲಿ ಎಂದ. ಕಟ್ಟಿಗೆ ಒಳ್ಳೆಯದು, ಒಲೆಗೆ ಹಾಕುವುದು ಪಾಪ. ಅವತ್ತಿನಿಂದ ತನ್ನ ಸ್ವಂತ ಹಿಂಡಿಗೆ ಅದನ್ನೇ ಒತ್ತುತ್ತ ಬಂದ. ಅಂದರೆ ಮಹನೀಯರೇ, ಇಪ್ಪತ್ತೈದು ವರ್ಷದಿಂದ ಕಂಗ್ಟಿಯ ಹುಲ್ಲುಗಾವಲಿನಲ್ಲಿ ಸರ್ಕಾರದ ಮೊಹರು ಹೊತ್ತ ಕುರಿಗಳು ಮೇಯುತ್ತಿವೆ. ಈ ತಾಲೂಕಿನಲ್ಲಿ ಮನುಷ್ಯರಿಗಿಂತ ಹೆಚ್ಚು ಕುರಿಗಳು ಮುಲ್ಕಿಯಾಗಿವೆ. ಜಹೀರಾಬಾದಿನ ಸಂತೆಗೆ ಹೋದದ್ದು ಮುಲ್ಕಿ ಕುರಿ. ಕಳೆದ ಹಬ್ಬದಲ್ಲಿ ಅಮೀನ್ ಸಾಹೇಬರ ಮನೆಯ ದಾವತ್ತಿಗೆ ಬಂದದ್ದೂ ಮುಲ್ಕಿ ಕುರಿಯೇ. ರುಚಿಯಾಗಿತ್ತು ಎಂದು ಉಂಡವರು ಹೇಳಿದ್ದಾರೆ. ಗೈರ್ ಮುಲ್ಕಿಯಾಗಿದ್ದರೆ ಆ ರುಚಿ ಬರುತ್ತಿತ್ತೇ?

ಎಲ್ಲ ಚೆನ್ನಾಗಿಯೇ ಇತ್ತು. ಹದಿನೈದು ದಿನದ ಹಿಂದೆ ಪೀರಪ್ಪನ ಹಿಂಡಿಗೂ ನೆರೆಯ ಬೀರಣ್ಣನ ಹಿಂಡಿಗೂ ತಾಕಲಾಟವಾಯಿತು. ಒಂಬತ್ತು ಕುರಿ ಯಾರವು ಎಂಬ ಜಗಳ ಠಾಣೆಗೆ ಬಂತು. ಗುರುತು ತಾಳೆ ನೋಡಲೆಂದು ಅಮೀನ್ ಸಾಹೇಬರು ಪೀರಪ್ಪನ ಮನೆಯ ಅಚ್ಚುಗಳನ್ನೆಲ್ಲ ಚೀಲದಲ್ಲಿ ತುಂಬಿಸಿ ತಂದು ಮೇಜಿನ ಮೇಲೆ ಸುರಿದರು. ನಲವತ್ತು ಅಚ್ಚುಗಳಲ್ಲಿ ಒಂದು ಉರ್ದುವಿನಲ್ಲಿತ್ತು. ಎತ್ತಿ ಓದಿದರು. ಅಕ್ಷರ ಅಕ್ಷರ ಸರಿಯಾಗಿ ಓದಲು ಬಂತು. ಅದೇ ನೋಡಿ ದುರ್ದೈವ. ಅಚ್ಚು ಸರಿಯಾಗಿ ಕೊರೆದದ್ದಾಗಿದ್ದರೆ ಕಟ್ಟಿಗೆಯ ಮೇಲೆ ಉಲ್ಟಾ ಕಾಣುತ್ತಿತ್ತು, ಯಾರಿಗೂ ಓದಲು ಬರುತ್ತಿರಲಿಲ್ಲ, ಯಾವುದೋ ಬಳ್ಳಿಯ ಚಿತ್ತಾರ ಎಂದು ಬಿಡುತ್ತಿದ್ದರು. ತಪ್ಪಾಗಿ ಕೊರೆದದ್ದರಿಂದ ಸರಿಯಾಗಿ ಕಂಡಿತು. ಓದಲು ಬಂದ ಮೇಲೆ ಶಾಯಿ ಹಚ್ಚಿ ಒತ್ತಿ ನೋಡುವವರು ಯಾರು? ಹೂಬಹೂ, ಥೇಟ್ ಸರ್ಕಾರದ ಮೊಹರು, ಏಳು ವರ್ಷ.

ಪೀರಪ್ಪನನ್ನು ಕಚೇರಿಯಲ್ಲಿ ಇದೇ ನಮ್ಮ ಅಧ್ಯಕ್ಷರ ಮುಂದೆ ಹಾಜರು ಮಾಡಿದರು. ಬಯಾನು, ಅಂದರೆ ಹೇಳಿಕೆ ಬರೆದುಕೊಳ್ಳಲು ಪೇಶ್ಕಾರ ಬೇಕಲ್ಲ. ಪೇಶ್ಕಾರ ಯಾರು? ನಾನು. ಅವನ ಕನ್ನಡ ಕೇಳಿ ಉರ್ದುವಿನಲ್ಲಿ ಬರೆಯುವವನು ನಾನು. ಅಮೀನ್ ಸಾಹೇಬರು ಕೇಳುವುದು, ನಾನು ಅದನ್ನು ಅವನಿಗೆ ಹೇಳುವುದು.

"ಇದನ್ನ ಯಾರ ಸಲುವಾಗಿ ಮಾಡಿದಿ, ಪೀರಪ್ಪಾ?"

"ಕುರಿ ಸಲುವಾಗಿರಿ."

"ಯಾವ ಕುರಿ?"

"ಹಳೇ ಮಾತರಿ. ಮನೂರ ಕಡಿದು ಒಂದ್ ಕುರಿ ಇತ್ತು. ಬಡಕಲು. ಅದರವ್ವ ಅಳ್ಕೋತ ಕುಂತಿದ್ಳು. ಗುರ್ತು ಹಾಕಿ ಕೊಟ್ಟೆ."

ಕುರಿಯ ತಾಯಿ ಅಳುತ್ತಿತ್ತೇ ಎಂದು ಅಧ್ಯಕ್ಷರು ಆಶ್ಚರ್ಯಪಟ್ಟದ್ದು ಅವರಿಗೆ ನೆನಪಿರಬಹುದು.

"ಆ ಕುರಿ ಈಗ ಎಲ್ಲಿ ಅದ?"

"ಸರ್ಕಾರದ ಹಟ್ಟ್ಯಾಗ ಸೇರಿತ್ರಿ. ಸುಖಾಗಿ ಮೇಯಾಕತ್ತದ. ಅದರ ಹೆಸರು ಯಾಕ ಬಿಡ್ರಿ, ಮೂಕ ಪ್ರಾಣಿ."

ಇಷ್ಟು ಹೇಳುವಾಗ ಅವನು ಒಂದು ಸಲವೂ ನನ್ನ ಮುಖ ನೋಡಲಿಲ್ಲ. ಗೋಡೆ ನೋಡುತ್ತಿದ್ದ. ನಾನು ಕುರಿ ಎಂದು ಬರೆದೆ. ಬಡಕಲು ಎಂದು ಬರೆದೆ. ಮೂಕ ಪ್ರಾಣಿ ಎಂದು ಬರೆದೆ. ಬಯಾನಿನಲ್ಲಿ ಒಂದು ಚುಕ್ಕೆಯೂ ಬಿಟ್ಟುಹೋಗಿಲ್ಲ. ಕೊನೆಗೆ ಅವನ ಹೆಬ್ಬೆರಳು ಹಿಡಿದು ಒತ್ತಿಸಿಕೊಂಡವನೂ ನಾನೇ. ಆ ಬೆರಳಿನಲ್ಲಿ ಕುರಿಯ ಕೆಂಪು ಬಣ್ಣ ಇತ್ತು. ಮನೆಗೆ ಹೋಗಿ ಕೈ ತೊಳೆದುಕೊಂಡೆ, ಉಂಡೆ. ನನಗೆ ನಾಚಿಕೆಯಾಯಿತು, ಸಭಿಕರೇ. ಉಣ್ಣುವುದನ್ನು ಬಿಡುವಷ್ಟು ಆಗಲಿಲ್ಲ. ಹದಿನೈದು ದಿನದಿಂದ ಅಷ್ಟಷ್ಟೇ ನಾಚಿಕೆಪಡುತ್ತ, ಸರಿಯಾಗಿ ಉಣ್ಣುತ್ತ ಇದ್ದೇನೆ.

ಗಂಗಾರಾಮರೇ, ತರ್ಜುಮೆ ಯಾಕೆ ನಿಲ್ಲಿಸಿದಿರಿ? ನಡೆಯಲಿ. ಇಷ್ಟು ಹೊತ್ತು ಹೇಳಿದ್ದು ದೃಷ್ಟಾಂತ ಎಂದಿದ್ದೆ. ನಾನು ಒಬ್ಬ ಹುಡುಗ, ಒಬ್ಬ ಹುಡುಗ ಎನ್ನುವಾಗೆಲ್ಲ ಹಿಂದಿನ ಸಾಲಿನವರು ನನ್ನತ್ತ ಬೆರಳು ಮಾಡುವುದನ್ನು ನೋಡಿದೆ. ಹೋಗಲಿ ಬಿಡಿ. ಆ ಮೂಕ ಪ್ರಾಣಿ ಈಗ ನಿಮ್ಮ ಮುಂದೆ ಹಾರ ಹಾಕಿಕೊಂಡು ಮಾತಾಡುತ್ತಿದೆ.

ನಾನು ಇವತ್ತು ಇಲ್ಲಿಗೆ ಬಂದದ್ದು ಕಾನೂನು ಹೇಳಿ, ಶಾಲು ಹೊದ್ದುಕೊಂಡು ಹೋಗಲಿಕ್ಕೆ. ಬಹಳ ಆದರೆ ಪೀರಪ್ಪ ಒಳ್ಳೆಯ ಮನುಷ್ಯ ಎಂದು ನಡುವೆ ಒಂದು ಮಾತು ತೂರಿಸೋಣ ಎಂದುಕೊಂಡಿದ್ದೆ, ಅಷ್ಟೇ. ಮಾತು ಎಲ್ಲಿಗೋ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು ಅಂತ ಈಗ ಅನಸ್ತದ. ಕ್ಷಮಿಸಬೇಕು, ಅನಿಸುತ್ತದೆ.

ಈಗ ಕಾನೂನಿನ ಮಾತು. ಸರ್ಕಾರದ ಮೊಹರನ್ನು ಹೋಲುವ ಮೊಹರು ಎಂದು ದಫಾದಲ್ಲಿ, ಅಂದರೆ ಕಾನೂನಿನ ಕಲಮಿನಲ್ಲಿ ಬರೆದಿದೆ. ಹೋಲಬೇಕು. ಅಮೀನ್ ಸಾಹೇಬರೇ, ಜನಕ್ಕೆ ತೋರಿಸಲೆಂದು ತಾವು ತಂದ ಆ ಅಚ್ಚು ತಮ್ಮ ಚೀಲದಲ್ಲೇ ಇದೆ. ಶಾಯಿ ಶಾಲೆಯಲ್ಲಿ ಬೇಕಾದಷ್ಟಿದೆ. ಇದೋ ನನಗೆ ಕೊಟ್ಟ ಸನ್ಮಾನ ಪತ್ರ, ಇದರ ಮೇಲೆ ಒಂದು ಸಲ ಒತ್ತಿ ನೋಡಿ. ಹೋಲಿದರೆ ಪೀರಪ್ಪನಿಗೆ ಏಳು ವರ್ಷ. ಹೋಲದಿದ್ದರೆ ಅದು ಕುರಿಯ ಗುರುತು, ಅವನನ್ನು ಮನೆಗೆ ಕಳಿಸಬೇಕು. ಅದನ್ನು ಒತ್ತಿ, ಬರೆದು, ಕಚೇರಿಯಲ್ಲಿ ಕೊಟ್ಟವನು ನಾನು. ಅವನು ಗುರುತು ಮಾಡಿದ, ನಾನು ಕಾಗದ ಮಾಡಿದೆ.

ಆ ಕಾಗದ ಇಲ್ಲಿದೆ. ಅಧ್ಯಕ್ಷರ ಮುಂದಿರುವ ನನ್ನ ವಜೀಫೆಯ ಕಡತದಲ್ಲಿ, ಅಂದರೆ ಪಿಂಚಣಿಯ ಕಡತದಲ್ಲಿ, ಮೊದಲನೆಯ ಹಾಳೆ. ಭಾಷಣ ಮುಗಿದ ಕೂಡಲೇ ಆ ಕಡತಕ್ಕೆ ರುಜು ಹಾಕುವುದಿತ್ತು. ದಯವಿಟ್ಟು ಆ ಹಾಳೆಯನ್ನು ಎತ್ತಿ ನೋಡಬೇಕು. ಬೆರಳಿಟ್ಟು ನಾನೇ ತೋರಿಸುತ್ತೇನೆ, ರೂಢಿಯಾಗಿದೆ. ಇಲ್ಲಿ. ಅದರ ಕೆಳಗೆ ಹನ್ನೊಂದು ಮಂದಿ ತಹಸೀಲ್ದಾರರ "ಮುಲಾಹಿಜಾ ಹುವಾ" ಇದೆ. ನೋಡಲಾಯಿತು, ನೋಡಲಾಯಿತು, ನೋಡಲಾಯಿತು. ಹನ್ನೆರಡನೆಯದು ನಿನ್ನೆಯದು, ಶಾಯಿ ಇನ್ನೂ ಹಸಿಯಾಗಿದೆ, ರುಜು ಯಾರದೆಂದು ನಾನು ಹೇಳುವುದಿಲ್ಲ. ನಾನು ಯಾರನ್ನೂ ಹೆದರಿಸುತ್ತಿಲ್ಲ. ಇಪ್ಪತ್ತೈದು ವರ್ಷದಲ್ಲಿ ಈ ಮೊಹರಿನಿಂದ ಯಾರೂ ಮೋಸ ಹೋಗಿಲ್ಲ, ಏಕೆಂದರೆ ಯಾರೂ ಅದನ್ನು ನೋಡಿಯೇ ಇಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ಅರಿಕೆ. ಆ ಹಾಳೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ಹಿಂದಿನಿಂದ ನೋಡಿದರೆ ಮೊಹರು ಸರಿಯಾಗಿ ಓದಲು ಬರುತ್ತದೆ. ನನ್ನ ಹೆಂಡತಿ ಕಂಡುಹಿಡಿದದ್ದು. ಆ ಕಾಗದದಲ್ಲಿ ಬರೆದದ್ದೆಲ್ಲ ನಿಜ. ನಾನು ಮನೂರಿನವನೇ, ನಮ್ಮ ಏಳು ತಲೆಮಾರು ಈ ಮಣ್ಣಿನಲ್ಲಿಯೇ ಇದೆ. ಕಾಗದ ಸುಳ್ಳು, ಒಳಗಿನ ಮಾತು ಖರೆ. ಎಷ್ಟೋ ಕಾಗದಗಳಲ್ಲಿ ಮೊಹರು ಖರೆ ಇದ್ದು ಒಳಗಿನ ಮಾತು ಸುಳ್ಳಿರುವುದನ್ನು ನಾನೇ ಓದಿ ಹೇಳಿದ್ದೇನೆ. ಅವಕ್ಕೆ ದಫಾ ಯಾವುದು ಎಂದು ನನಗೆ ಯಾರೂ ಹೇಳಲಿಲ್ಲ.

ಬಹಳ ಮಾತಾಡಿದೆ. ಅಧ್ಯಕ್ಷರಿಗೆ, ಅಮೀನ್ ಸಾಹೇಬರಿಗೆ, ಇನ್ನು ಮುಂದೆ ಅರ್ಜಿಯಲ್ಲಿ ವಿಷಯ ನೋಡಿಕೊಂಡು ಬರೆಯಲಿರುವ ಶಾಂತಪ್ಪ ಮಾಸ್ತರರಿಗೆ, ಬೆವರು ಒರೆಸಿಕೊಳ್ಳುತ್ತಿರುವ ಗಂಗಾರಾಮರಿಗೆ, ನಕ್ಕವರಿಗೆ, ನಗದವರಿಗೆ ನನ್ನ ವಂದನೆಗಳು. ಒಬ್ಬರಿಗೆ ವಂದನೆ ಬಾಕಿ ಇದೆ. ಇವತ್ತು ಮನೆಯಿಂದ ಹೊರಡುವಾಗ ಉಮಾಬಾಯಿ ಟಾಂಗಾದಲ್ಲಿ ಒಂದು ಹಾಸಿಗೆ ಸುರುಳಿ ಇಟ್ಟಳು. ಸನ್ಮಾನಕ್ಕೆ ಹಾಸಿಗೆ ಯಾಕೆ ಎಂದು ಕೇಳಿದೆ. "ಇರಲಿ ತಗೋರಿ. ಭಾಷಣ ಮಾಡಾಕ ಹೊಂಟೀರಿ, ನಿಮ್ಮ ಬಾಯಿ ನನಗ ಗೊತ್ತದ" ಎಂದಳು. ಆಮೇಲೆ ಒಂದು ಬುತ್ತಿ ಗಂಟು ತಂದಿಟ್ಟಳು. ಎತ್ತಿ ನೋಡಿದೆ, ಭಾರವಾಗಿತ್ತು. ಒಬ್ಬನಿಗೆ ಇಷ್ಟು ರೊಟ್ಟಿ ಯಾಕೆ ಎಂದೆ.

"ಒಬ್ಬರಿಗಿ ಅಂತ ಯಾರು ಅಂದಾರ? ಇಬ್ಬರಿಗಿ ಕಟ್ಟೀನಿ. ಠಾಣಾದಾಗ ಕುಂತು ಉಣ್ರಿ, ಇಲ್ಲಂದ್ರ ಅವನ್ನ ಮನಿಗಿ ಕರ್ಕೊಂಡು ಬಂದು ಉಣ್ರಿ. ಇವತ್ತ ಪೀರಣ್ಣನ್ನ ಬಿಟ್ಟು ನೀವೊಬ್ಬರೇ ಉಣ್ಣಂಗಿಲ್ಲ, ಅಷ್ಟೇ."

ಟಾಂಗಾ ಬಾಗಿಲಲ್ಲಿ ನಿಂತಿದೆ. ಠಾಣೆ ಬಲಕ್ಕೆ, ಮನೆ ಎಡಕ್ಕೆ. ಪೀರಪ್ಪನನ್ನು ಠಾಣೆಯಿಂದ ಕರೆಸಿ ಹತ್ತಿಸಿಕೊಂಡು ಎಡಕ್ಕೆ ಹೋಗಬೇಕೋ, ನಾನೇ ಇಳಿಯಲಿಕ್ಕೆ ಬಲಕ್ಕೆ ಹೋಗಬೇಕೋ, ಅಧ್ಯಕ್ಷರು ಹುಕುಂ ಮಾಡಬೇಕು. ಯಾವ ಕಡೆ ಹೋದರೂ ರೊಟ್ಟಿ ಇಬ್ಬರಿಗೂ ಸಾಕಾಗುತ್ತದೆ. ನಮಸ್ಕಾರ.